ಗೋಡೆಯಿಂದ ಇಳಿದ ರೊಟ್ಟಿ

ಸತ್ತ ದೊರೆಗಳಿಗೆ ಜಾಗ ಸಾಲದಿದ್ದರೆ ಬದುಕಿರುವವರನ್ನು ಒಕ್ಕಲೆಬ್ಬಿಸುವುದು ನಮ್ಮ ಉಜ್ಬೆಕ್ ನಾಡಿನ ಹಳೇ ಚಾಳಿ. ಮಂಗೋಲರು ಸುಟ್ಟರು, ತೈಮೂರ ಕಟ್ಟಿಸಿದ, ರಷ್ಯದ ಚಕ್ರವರ್ತಿ ಬಂದ, ಆಮೇಲೆ ಮಾಸ್ಕೋದ ಕೆಂಪು ಬಾವುಟ ಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈಗ ತೈಮೂರನ ಕಾಲದ ಮುರುಕು ಕಮಾನಿನ ಸುತ್ತ ಪ್ರವಾಸಿಗರಿಗೆ ಉದ್ಯಾನ ಬೇಕಂತೆ. ಅದಕ್ಕಾಗಿ ಮುದುಕಿ ತುರ್ಸುನೊಯಳ ಮಣ್ಣಿನ ಮನೆ ಬೀಳಬೇಕು.

ತುರ್ಸುನೊಯ್ ಬದುಕೆಲ್ಲ ತಂದೂರಿನ ಮುಂದೆ ಬೆಂದವಳು. ಕೇರಿಗೆಲ್ಲ ರೊಟ್ಟಿ ಸುಟ್ಟುಕೊಟ್ಟು ಮಗಳನ್ನು ಸಾಕಿ ಮದುವೆ ಮಾಡಿದಳು. ಗಂಡ ಎರ್ಗಾಶನನ್ನು ಮಾಸ್ಕೋದವರು ಅಫ್ಘಾನಿಸ್ತಾನದ ಯುದ್ಧಕ್ಕೆ ಒಯ್ದಿದ್ದರು. ಹೊರಡುವಾಗ ಅವನು ಪದ್ಧತಿಯಂತೆ ಒಂದು ರೊಟ್ಟಿಯ ಅಂಚು ಕಚ್ಚಿದ, ಇವಳು ಅದನ್ನು ಗೋಡೆಗೆ ನೇತುಹಾಕಿದಳು. ಕಚ್ಚಿದವನೇ ಬಂದು ಇಳಿಸಿ ತಿಂದು ಮುಗಿಸಬೇಕು. ಬೇರೆಯವರು ಇಳಿಸಿದರೆ ಅವನು ಸತ್ತನೆಂದೇ ಅರ್ಥ. ಅವನ ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಮರುಮದುವೆಯ ಮಾತೆತ್ತಿದವರಿಗೆಲ್ಲ ಅವಳು ಕಲ್ಲಾಗಿದ್ದ ಆ ರೊಟ್ಟಿಯನ್ನೇ ತೋರಿಸುತ್ತಿದ್ದಳು.

ಹೊಸ ಮನೆ ಕೊಡುತ್ತೇವೆಂದು ಕಚೇರಿಯವರು ಹೇಳಿದರೂ ಅವಳು ಜಗ್ಗಲಿಲ್ಲ. ಮನೆಗೆ ಬದಲು ಮನೆ ಸಿಕ್ಕೀತು, ರೊಟ್ಟಿ ಇಳಿಸುವವನನ್ನು ಎಲ್ಲಿಂದ ತರುತ್ತೀರಿ ಎಂದು ಜಗಳವಾಡಿದಳು. ಕೊನೆಗೆ ಆ ಗೋಡೆಯೊಂದನ್ನಾದರೂ ಬಿಡಿ ಎಂದು ಬೇಡಿಕೊಂಡಳು. ಗೋಡೆ ಇದ್ದರೆ ಕಮಾನು ಕಾಣುವುದಿಲ್ಲವಂತೆ! ಥೂ, ಅವರ ಕಣ್ಣಿಗಿಷ್ಟು ಮಣ್ಣು ಬೀಳ.

ಕೆಡವುವ ಯಂತ್ರದ ಜೊತೆ ಅವತ್ತೇ ಮೊದಲ ಸಲ ಬಂದ, ಅವಳ ಜಗಳ ಕೇಳಿರದ ಅಧಿಕಾರಿ ಜಸೂರ್ ಕೆಟ್ಟವನಲ್ಲ. ಸಿಟ್ಟು ಬರುವುದೇ ಅದಕ್ಕೆ. ರೊಟ್ಟಿ ನೆಲಕ್ಕೆ ಬೀಳುವುದು ಮಹಾಪಾಪವೆಂದು ಅವನ ತಾಯಿ ಕಲಿಸಿದ್ದಳು. ಅವನು ಒಳಗೆ ಹೋಗಿ ಅದನ್ನು ಇಳಿಸಿ, ಮುತ್ತಿಟ್ಟು, ಹಣೆಗೊತ್ತಿಕೊಂಡು, ಅಂಗಳದಲ್ಲಿ ಪಕ್ಕದ ಮನೆಯವಳ ಜೊತೆ ನಿಂತಿದ್ದ ತುರ್ಸುನೊಯಳ ಬಳಿ ತಂದ.

“ತಗೊಳ್ಳಿ ದೊಡ್ಡಮ್ಮ. ಕಾಲ್ಕೆಳಗೆ ಬೀಳಬಾರ್ದು ಅಂತ ತೆಗೆದೆ.”

“ಅಂಚು ನೋಡಿದ್ಯೇನೋ?”

ಕಚ್ಚಿದ ಗುರುತು ಕಂಡು ಜಸೂರನ ಮುಖ ಕಪ್ಪಿಟ್ಟಿತು.

“ಮಾಸ್ಕೋದವರ ಕೈಲೂ ನನ್ನ ಗಂಡನ್ನ ಸಾಯಿಸೋಕಾಗಿರ್ಲಿಲ್ಲ ಕಣೋ. ನಾನು ಬಿಟ್ಟಿರ್ಲಿಲ್ಲ. ನೀನು ಮುತ್ತಿಟ್ಟು ಸಾಯಿಸಿಬಿಟ್ಟೆ. ಕೂತ್ಕೋ. ಸಾವಿನ ಮನೇಲಿ ತಿನ್ನದೆ ಎದ್ದು ಹೋಗ್ತಾರೇನು?”

ಅವಳು ರೊಟ್ಟಿಯನ್ನು ಒನಕೆಯಿಂದ ಜಜ್ಜಿ, ಚಹಾದಲ್ಲಿ ನೆನೆಸಿ ಅವನ ಮುಂದಿಟ್ಟಳು. ನಮ್ಮಲ್ಲಿ ರೊಟ್ಟಿಯನ್ನು ಯಾರೂ ಒಲ್ಲೆ ಎನ್ನುವುದಿಲ್ಲ. ಅವನು ತಲೆ ತಗ್ಗಿಸಿ ತಿಂದ. ಕಚ್ಚಿದ ಅಂಚನ್ನು ಮಾತ್ರ ಅವಳು ತಾನೇ ಬಾಯಿಗಿಟ್ಟುಕೊಂಡು, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಅಗಿದಳು. ಆಮೇಲೆ ಪಕ್ಕದ ಮನೆಯವಳ ಕಡೆ ತಿರುಗಿ, ವಿಧವೆಯರು ತೊಡುವ ನೀಲಿ ನಿಲುವಂಗಿ ಇದ್ದರೆ ಒಂದು ಕೊಡು, ನಾನು ಹೊಲಿಸಿಟ್ಟುಕೊಂಡಿಲ್ಲ ಎಂದಳು.