ಬಲಗೆನ್ನೆಯ ಪರೀಕ್ಷೆ

ನ್ಯಾಮತಿಯ ಬಸ್ ನಿಲ್ದಾಣದ ಎದುರಿಗಿರುವ ದುರ್ಗಾಂಬಿಕಾ ಫ್ಯಾನ್ಸಿ ಸ್ಟೋರ್ಸಿನಲ್ಲಿ ಮಮತಾ ತಾನು ಬಳಸಿ ನೋಡದ ಒಂದು ಪಿನ್ನನ್ನೂ ಮಾರಿದವಳಲ್ಲ. ಹೊಸ ಮೆಹಂದಿ ಬಂದರೆ ಮೊದಲು ಅವಳ ಅಂಗೈಗೆ, ಹೊಸ ಎಣ್ಣೆ ಬಂದರೆ ಅವಳ ತಲೆಗೆ. ಚಪ್ಪಲಿಯನ್ನು ಒಂದು ವಾರ ಮೆಟ್ಟಿ ಓಡಾಡುತ್ತಾಳೆ. ಸೊಳ್ಳೆ ಬತ್ತಿ ಹಚ್ಚಿಟ್ಟು, ಬೆಳಗ್ಗೆ ಎದ್ದು ಸತ್ತ ಸೊಳ್ಳೆ ಹುಡುಕುತ್ತಾಳೆ. ಒಮ್ಮೆ ಸಾರು ಸೋರುತ್ತದೆಂದು ಮೂರು ಡಜನ್ ಊಟದ ಡಬ್ಬಿಗಳನ್ನು ಬಸ್ಸಿನಲ್ಲಿ ಹೊನ್ನಾಳಿಗೆ ಹೊತ್ತುಕೊಂಡು ಹೋಗಿ, ಮಾಲು ಕೊಟ್ಟವನ ಮುಂದೆಯೇ ಸುರಿದು ಬಂದಿದ್ದಳು. ತಿನ್ನುವ, ಕುಡಿಯುವ ಸಾಮಾನಿಗೆ ಮಾತ್ರ ಅವಳು ತನ್ನ ನಾಲಿಗೆಯನ್ನು ನಂಬುವುದಿಲ್ಲ. ಅಡುಗೆ ಮಾಡಿದವಳಿಗೆ ರುಚಿ ತಿಳಿಯುವುದಿಲ್ಲ ಎಂಬುದು ಅವಳ ವಾದ. ಹಪ್ಪಳ, ಉಪ್ಪಿನಕಾಯಿ, ಟೀಪುಡಿಗೆ ಗಂಡ ಗುರುಸ್ವಾಮಿಯ ಒಪ್ಪಿಗೆ ಆಗಬೇಕು.

"ಮಮತಕ್ಕನ ಅಂಗಡಿದು ಅಂದ್ರೆ ಕಣ್ಣು ಮುಚ್ಕೊಂಡು ತಗೋಬೋದು" ಎಂದು ಸುತ್ತಲಿನ ಹಳ್ಳಿಯವರು ಹೇಳುತ್ತಾರೆ. ಎದುರಿಗೆ ಎರಡು ದೊಡ್ಡ ಅಂಗಡಿಗಳು ತಲೆ ಎತ್ತಿದ ಮೇಲೂ ಅವಳ ಅಂಗಡಿ ಉಳಿದಿರುವುದು ಈ ಒಂದು ಮಾತಿನಿಂದ.

ಅಂಥ ಅಂಗಡಿಗೆ ಒಂದು ಬುಧವಾರ ಚನ್ನಗಿರಿಯ ಪರಶುರಾಮ್ ಬೈಕಿನಲ್ಲಿ ಎರಡು ರಟ್ಟಿನ ಪೆಟ್ಟಿಗೆ ತಂದಿಳಿಸಿದ. ಊರೂರಿಗೆ ಮಾಲು ಹಾಕುವವನು. ಪೆಟ್ಟಿಗೆ ತುಂಬ ರೇಜರಿನ ಕಾರ್ಟ್ರಿಡ್ಜ್. ಹಿಡಿ ಹಳೆಯದೇ ಇಟ್ಟುಕೊಂಡು, ಮುಂದಿನ ಬ್ಲೇಡಿನ ತಲೆ ಮಾತ್ರ ಬದಲಿಸುತ್ತಾರಲ್ಲ, ಅದು.

"ಕಂಪನಿ ಮಾಲು ಒಂದು ಬರೋ ದುಡ್ಡಿಗೆ ಇದು ನಾಲ್ಕು ಬರ್ತಾವೆ ಅಕ್ಕ. ಅದೇ ಹಿಡಿಗೆ ಕೂರ್ತದೆ. ಹೆಸರೊಂದೇ ಇಲ್ಲ, ಮಿಕ್ಕಿದ್ದೆಲ್ಲ ಅದೇ."

"ನೋಡಿ ಹೇಳ್ತೀನಿ ಬಿಡಪ್ಪ."

"ಮುಂದಿನ ವಾರದ ಶನಿವಾರ ಬರ್ತೀನಿ. ಇಟ್ಕೊಂಡ್ರೆ ಪೂರ್ತಿ ಇಟ್ಕೊಳ್ಳಿ, ಇಲ್ಲಾಂದ್ರೆ ಪೂರ್ತಿ ವಾಪಸ್ ಕೊಡ್ರಿ."

ಅವನು ಹೋದ ಮೇಲೆ ಮಮತಾಗೆ ಹೊಳೆದದ್ದು, ಇದನ್ನು ತಾನು ಬಳಸಿ ನೋಡುವಂತಿಲ್ಲ ಎಂದು. ಅವಳ ಹೆಸರು ಗಂಡನ ಕೆನ್ನೆಯ ಮೇಲೆ ನಿಂತಿತು.

ಗುರುಸ್ವಾಮಿ ಹೈಸ್ಕೂಲಿನಲ್ಲಿ ಜವಾನ. ಹೇಳಿದ ಕೆಲಸಕ್ಕೆ ಇಲ್ಲ ಎನ್ನುವ ಆಸಾಮಿಯಲ್ಲ. ಮಮತಾ ಎರಡು ಹಿಡಿ ಕೈಗಿಟ್ಟಳು. ಎಡಗೆನ್ನೆಗೆ ಕಂಪನಿಯದು, ಬಲಗೆನ್ನೆಗೆ ಪರಶುರಾಮನದು. ಮರೆಯದಿರಲೆಂದು ಅದಕ್ಕೆ ಕೆಂಪು ದಾರ ಬೇರೆ ಕಟ್ಟಿದಳು. ಗುರುವಾರ ಬೆಳಗ್ಗೆ ಬಚ್ಚಲ ಬಾಗಿಲಿಗೆ ಹೋಗಿ ನಿಂತಳು.

"ಹೆಂಗೈತ್ರಿ?"

"ಚೆನ್ನಾಗೈತೆ."

"ಯಾವುದು?"

"ಎರಡೂ ಚೆನ್ನಾಗವೆ."

ಶುಕ್ರವಾರವೂ ಎರಡೂ ಚೆನ್ನಾಗಿದ್ದವು. ಶನಿವಾರ ಮನೆದೇವರು ಹನುಮಪ್ಪನ ವಾರವೆಂದು ಅವನು ಗಡ್ಡ ಮುಟ್ಟಲಿಲ್ಲ. ಭಾನುವಾರ, ಸೋಮವಾರ ಎರಡೂ ಚೆನ್ನಾಗಿದ್ದವು. ಮಂಗಳವಾರ ಕತ್ತರಿ, ಬ್ಲೇಡು ತಾಕಿಸಬಾರದೆಂದು ಜಗಳೂರಿನಲ್ಲಿರುವ ಅವನ ತಾಯಿ ಹಾಕಿಟ್ಟ ಕಟ್ಟಳೆ. ಆ ದಿನವೂ ಹೋಯಿತು. ಮಮತಾ ಹಲ್ಲು ಕಡಿದಳು. ಇದ್ದ ಹತ್ತು ದಿನದಲ್ಲಿ ಕೆನ್ನೆಗೂ ವಾರದ ರಜೆ ಕೊಡುವ ಮನೆಯಲ್ಲಿ ವ್ಯಾಪಾರ ಮಾಡುವುದು ಹೇಗೆ?

ಬುಧವಾರ ಬೆಳಗ್ಗೆ ಮತ್ತೆ ಬಚ್ಚಲ ಬಾಗಿಲಿಗೆ ಹೋದಳು. "ಉರೀತದಾ? ಜಗ್ಗತದಾ? ಏನಾರ ಒಂದು ಹೇಳ್ರಿ."

"ಏನೂ ಇಲ್ಲ ಮಮತಾ. ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಒಳ್ಳೇದು ಅಂತನಾ, ಕೆಟ್ಟದ್ದು ಅಂತನಾ?"

ಗುರುಸ್ವಾಮಿ ಮುಖ ಒರೆಸಿಕೊಂಡು, "ಪರವಾಗಿಲ್ಲ ಅಂತ" ಎಂದ. ಅವಳಿಗೆ ಆ ಸೋಪಿನ ಬಟ್ಟಲನ್ನು ಅವನ ತಲೆಯ ಮೇಲೆ ಮಗುಚಿ ಹಾಕುವಷ್ಟು ಸಿಟ್ಟು ಬಂತು. ಗೋಡೆಯನ್ನು ಕೇಳಿದ್ದರೆ ಇಷ್ಟೊತ್ತಿಗೆ ಗೋಡೆಯಾದರೂ ಬಾಯಿ ಬಿಡುತ್ತಿತ್ತು ಎಂದುಕೊಂಡಳು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಆಸೆ ಚಿಗುರಿತ್ತು. ಎದುರಿನ ದೊಡ್ಡ ಅಂಗಡಿಗಳಲ್ಲಿ ಈ ಮಾಲು ಇಲ್ಲ. ಬುಧವಾರ ಸಂಜೆ ಪೆಟ್ಟಿಗೆ ಒಡೆದು, ಕಾರ್ಟ್ರಿಡ್ಜುಗಳನ್ನೆಲ್ಲ ಗಾಜಿನ ಬೀರುವಿನಲ್ಲಿ ಚಂದವಾಗಿ ಜೋಡಿಸಿಟ್ಟಳು. ಹಿಂದೆ ನಿಂತು ನೋಡಿದ ಗುರುಸ್ವಾಮಿ, "ಚೆನ್ನಾಗಿ ಕಾಣ್ತದೆ" ಎಂದ.

ಶುಕ್ರವಾರ ಮಧ್ಯಾಹ್ನ ಜಗಳೂರಿನಿಂದ ಅತ್ತೆ ಗಾದ್ರಮ್ಮ ಬಂದಳು. ಕಣ್ಣು ಮಂಜಾಗಿ ನಾಲ್ಕು ವರ್ಷ. ಎದುರಿಗೆ ಬಂದವರ ಮುಖ ಸವರಿ ನೋಡಿಯೇ ಮಾತಾಡಿಸುವುದು. ಮಗ ಸ್ಕೂಲಿನಿಂದ ಬಂದು ಕಾಲು ಮುಟ್ಟಿದಾಗ, ಎಂದಿನಂತೆ ಎರಡೂ ಕೈಯಿಂದ ಅವನ ಕೆನ್ನೆ ನೀವಿ ನೆಟಿಗೆ ಮುರಿಯಲು ಹೋದಳು. ಆದರೆ ಬೆರಳುಗಳು ಅವಳ ಸ್ವಂತ ಕಿವಿಯ ಪಕ್ಕಕ್ಕೆ ಹೋಗಲೇ ಇಲ್ಲ, ಬಲಗೆನ್ನೆಗೆ ವಾಪಸು ಬಂದವು. ಗುರುಸ್ವಾಮಿ ಮುಖ ಹಿಂಡಿ ಹಿಂದಕ್ಕೆ ಸರಿದ.

"ಇದೇನೋ ಗುರು, ಒಂದು ಕಡೆ ಬೆಣ್ಣೆ, ಒಂದು ಕಡೆ ಕೂಳೆ ಹೊಲ ಆಗೈತೆ? ಗಾಯ ಬೇರೆ ಆಗೈತೆ. ಯಾರು ಕೆರೆದ್ರೋ ನಿನ್ನ?"

ಮಮತಾ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ದವಡೆಯ ಕೆಳಗೆ, ನೋಡಿದರೆ ತಕ್ಷಣ ಕಾಣದ ಜಾಗದಲ್ಲಿ, ಸಣ್ಣಗೆ ಮೂರು ಗೀರು. ಅಂಗಿಯ ಜೇಬು ತಡಕಿದಾಗ ರಕ್ತ ನಿಲ್ಲಿಸಲು ಹಚ್ಚುವ ಪಟಿಕದ ತುಂಡು ಸಿಕ್ಕಿತು.

"ಯಾವತ್ತಿಂದ ಇದು?"

"ಮೊದಲೆರಡು ದಿನ ಎರಡೂ ಒಂದೇ ಇದ್ದವು, ಸುಳ್ಳಲ್ಲ. ಮೂರನೇ ಸಲಕ್ಕೆ ಇದು ಕೂದಲು ಜಗ್ಗಾಕೆ ಶುರು ಮಾಡ್ತು. ಆಮೇಲೆ ಕುಯ್ತು. ಕಂಪನಿದು ಇನ್ನೂ ಹಂಗೇ ಐತೆ."

"ಕೇಳಿ ಕೇಳಿ ನನ್ನ ಬಾಯಿ ಒಣಗೋಯ್ತಲ್ರಿ. ಯಾಕೆ ಹೇಳ್ಲಿಲ್ಲ?"

"ನೀನು ಆಸೆ ಇಟ್ಕೊಂಡಿದ್ದೆ. ಬೀರುನಾಗೆ ಜೋಡ್ಸಿ ಬೇರೆ ಇಟ್ಟೆ. ಬೇಜಾರು ಮಾಡ್ಕೊಂತೀಯ ಅಂತ."

ಮರುದಿನ ಪರಶುರಾಮ್ ಬಂದಾಗ ಪೆಟ್ಟಿಗೆಗಳು ಕಟ್ಟಿ ಸಿದ್ಧವಾಗಿದ್ದವು. "ಎರಡು ಸಲಕ್ಕೆ ಒಳ್ಳೇದು, ಮೂರನೇದಕ್ಕೆ ಎಸೀರಿ ಅಂತ ಹೇಳಿ ಮಾರಬೇಕಾಗ್ತದಪ್ಪ. ನಾಲ್ಕು ಸೇರಿದ್ರೂ ಕಂಪನಿದೊಂದು ಬರೋವಷ್ಟು ದಿನ ಬರಲ್ಲ" ಎಂದಳು ಮಮತಾ. ಅವನು, ಹಾಗೆಲ್ಲ ಹೇಳಿ ಯಾರಾದರೂ ವ್ಯಾಪಾರ ಮಾಡುತ್ತಾರೆಯೇ ಎಂದು ಗೊಣಗಿಕೊಂಡು ಹೊತ್ತೊಯ್ದ.

ಬೀರು ಖಾಲಿಯಾಯಿತು. ಮಮತಾ ಅದನ್ನೇ ನೋಡುತ್ತ ಕೂತಿದ್ದವಳು, ನಿಧಾನವಾಗಿ ಪಕ್ಕದ ಕಪಾಟಿನ ಕಡೆ ಕಣ್ಣು ಹೊರಳಿಸಿದಳು. ಹಪ್ಪಳ. ಉಪ್ಪಿನಕಾಯಿ. ಟೀಪುಡಿ. ಅಂಗಡಿ ಇಟ್ಟ ಹನ್ನೊಂದು ವರ್ಷದಿಂದ ಎಲ್ಲಕ್ಕೂ ಚೆನ್ನಾಗೈತೆ ಎಂದವನು ಇದೇ ಮನುಷ್ಯ. ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದಳು.

"ನಿಜ ಹೇಳ್ರಿ. ನಮ್ಮ ಅಂಗಡಿ ಹಪ್ಪಳ?"

"ಉಪ್ಪು ಒಂಚೂರು ಜಾಸ್ತಿ."

"ಉಪ್ಪಿನಕಾಯಿ?"

"ಎಣ್ಣೆ ವಾಸನೆ ಬರ್ತದೆ."

ಅವಳು ಒಳಗೆ ಹೋಗಿ ಟೀ ಮಾಡಿ ತಂದಳು. ಅಂಗಡಿಯದೇ ಪುಡಿ. ಲೋಟ ಅವನ ಮುಂದೆ ಇಟ್ಟು, ಕೈ ಕಟ್ಟಿ ನಿಂತಳು. ಗುರುಸ್ವಾಮಿ ಒಂದು ಗುಟುಕು ಕುಡಿದು, ತಾಯಿಯ ಕಡೆ ನೋಡಿ, ಮತ್ತೆ ಹೆಂಡತಿಯ ಕಡೆ ನೋಡಿದ.

"ಪುಡಿ ಚೆನ್ನಾಗೈತೆ. ನಿಜವಾಗ್ಲೂ."

"ಮತ್ತೆ?"

"ಸಕ್ಕರೆ ಕಮ್ಮಿ."

"ಇವತ್ತಾ?"

ಗುರುಸ್ವಾಮಿ ಲೋಟದೊಳಗೆ ನೋಡುತ್ತ ಹೇಳಿದ: "ಮದ್ವೆ ಆದಾಗ್ನಿಂದ."

ಇಪ್ಪತ್ತೆರಡು ವರ್ಷ. ಮಮತಾಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನ ಕೈಯಿಂದ ಲೋಟ ಕಿತ್ತುಕೊಂಡು ಅಡುಗೆಮನೆಗೆ ಹೋದಳು.

"ಎಷ್ಟು ಚಮಚ ಹಾಕ್ಲಿ?" ಎಂದು ಒಳಗಿನಿಂದಲೇ ಕೇಳಿದಳು. "ನೀವು 'ನಿನಗೆ ತಿಳಿದಷ್ಟು' ಅಂದ್ರೆ ಮಾತ್ರ ನಾನು ಸುಮ್ನಿರಲ್ಲ, ನೋಡ್ರಿ."