ರಿಸರ್ವ್ ಕೀಪರನ ಒಂದು ಸಂಜೆ

ಇಬ್ಬನಿ ಇನ್ನೂ ಆರಿಲ್ಲ. ಇಗರ್ಜಿಯ ಹಿಂದಿನ ಮೈದಾನದಲ್ಲಿ ಕಾಯ್ತಾನ್ ರೆಬೆಲೊ ಆಗಲೇ ಮೈಯೆಲ್ಲ ಮಣ್ಣು ಮಾಡಿಕೊಂಡಿದ್ದಾರೆ. ಬಲಕ್ಕೆ ಹಾರಿ ಚೆಂಡು ತಡೆದು, ಎದ್ದೇಳುವ ಮೊದಲೇ ಕೂಗುತ್ತಾರೆ: “ಎಡಕ್ಕೆ ಸರಿಯೋ! ಬೆನ್ನ ಹಿಂದೆ ಒಬ್ಬ ನಿಂತಿದ್ದಾನೆ, ಕಾಣಲ್ವಾ?” ಆ ದನಿ ಆಚೆ ತುದಿಯ ಗೋಲ್‌ವರೆಗೂ ಕೇಳಿಸುತ್ತದೆ. ನೋಡಲು ನನ್ನ ಹೊರತು ಯಾರೂ ಇಲ್ಲ. ಪಾವ್ ಮಾರುವವನ ಸೈಕಲ್ ಕೂಡ ನಿಲ್ಲದೆ ಹೋಗುತ್ತದೆ.

ಒಂಬತ್ತು ವರ್ಷದಿಂದ ಅವರು ಗೋವಾದ ಸಾಳ್ ಸ್ಪೋರ್ಟಿಂಗ್ ಕ್ಲಬ್ಬಿನ ರಿಸರ್ವ್ ತಂಡದ ಗೋಲ್‌ಕೀಪರ್. ಬೆಳಿಗ್ಗೆ ಅಭ್ಯಾಸ, ಆಮೇಲೆ ಮಡಗಾಂವದ ಗ್ಯಾರೇಜಿನಲ್ಲಿ ಸ್ಕೂಟರ್ ರಿಪೇರಿ. ಮೊದಲ ತಂಡ ಆಡುವ ದಿನ ಬದಲಿ ಆಟಗಾರರ ಬೆಂಚು. ಬೆರಳು ಎರಡು ಸಲ ಮುರಿದಿದೆ, ಎರಡೂ ಸಲ ಯಾರೂ ನೋಡದ ಪಂದ್ಯಗಳಲ್ಲಿ.

“ಗಂಡ ಗೋಲ್‌ಕೀಪರ್ ಅನ್ನೋಕೆ ನಂಗೇನು ನಾಚಿಕೆ? ಯಾವಾಗ ಆಡ್ತಾರೆ ಅಂತ ಕೇಳ್ತಾರಲ್ಲ, ಅದೇ ಕಷ್ಟ,” ಎಂದು ಮನೆಯಲ್ಲಿ ಬಾಂಗ್ಡೆ ಮೀನು ಹುರಿಯುತ್ತಲೇ ಹೆಂಡತಿ ಪಿಯಾದ್ ನಗುತ್ತಾರೆ.

ಹೆಂಡತಿಗೂ ಹೇಳದ ಭಯವೊಂದು ಕಾಯ್ತಾನ್‌ಗಿತ್ತು. “ಅವಕಾಶ ಕೊಡ್ಲಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಕೊಟ್ಟೇಬಿಟ್ರೆ? ನನ್ನ ಕೈಲಿ ಆಗೋದು ಇಷ್ಟೇ ಅಂತ ಗೊತ್ತಾಗಿಬಿಟ್ರೆ?”

ಕಳೆದ ತಿಂಗಳು ಕೊಟ್ಟೇಬಿಟ್ಟರು. ಒಂದು ಸಂಜೆ ಲೀಗ್ ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ ಮೊದಲ ಕೀಪರನ ಪಾದ ಉಳುಕಿತು. “ಗ್ಲೌಸ್ ಹಾಕ್ಕೋ ಕಾಯ್ತಾನ್,” ಎಂದರು ಕೋಚ್. ಕಾಯ್ತಾನ್ ಆಗಲೇ ಹಾಕಿಕೊಂಡು ಕುಳಿತಿದ್ದರು.

ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಬದಿಯಿಂದ ಎತ್ತರದ ಚೆಂಡು ಬಂತು. “ನಂದು!” ಎಂದು ಕೂಗಿ ಮುಂದೆ ನುಗ್ಗಿದರು. ಜನರ ಗದ್ದಲದಲ್ಲಿ ಆ ಕೂಗು ಡಿಫೆಂಡರ್ ಬೆನಿಟೊಗೆ ಕೇಳಿಸಲೇ ಇಲ್ಲ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದರು, ಚೆಂಡು ಗೋಲಿನೊಳಗೆ ಹೋಯಿತು. “ಮನೆಗೆ ಹೋಗೋ, ಸ್ಕೂಟರ್ ರಿಪೇರಿ ಮಾಡು!” ಎಂದು ಗ್ಯಾಲರಿಯಿಂದ ಯಾರೋ ಅರಚಿದರು.

“ಮುಗೀತು ಅಂದ್ಕೊಂಡೆ,” ಎನ್ನುತ್ತಾರೆ ಕಾಯ್ತಾನ್. ಬೆನಿಟೊ ಕೈಹಿಡಿದು ಎಬ್ಬಿಸಿದ. “ನೀನು ಕೂಗಿದ್ದು ಇಲ್ಲಿ ಯಾರಿಗೆ ಕೇಳುತ್ತೆ ಮಾರಾಯ? ಬಂದು ಚೆಂಡು ಗುದ್ದು. ನಾನು ಅಡ್ಡ ಬಂದ್ರೆ ನನ್ನನ್ನೂ ಸೇರಿಸಿ ಗುದ್ದು.”

ಮುಂದಿನ ಚೆಂಡಿಗೆ ಹಾಗೇ ಮಾಡಿದರು. ಬೆನಿಟೊನ ತುಟಿ ಒಡೆಯಿತು, ಚೆಂಡು ದೂರ ಹೋಯಿತು. “ಸರಿ, ಹೀಗೇ!” ಎಂದು ಆತ ರಕ್ತ ಉಗುಳಿ ನಕ್ಕ. ವಿರಾಮದ ನಂತರ ಸಾಳ್ ಸ್ಪೋರ್ಟಿಂಗ್ ಗೋಲು ಸಮ ಮಾಡಿತು. ಕೊನೆಗಳಿಗೆಯಲ್ಲಿ ಎದುರಾಳಿಯೊಬ್ಬ ಒಂಟಿಯಾಗಿ ನುಗ್ಗಿ ಬಂದ.

“ರಿಸರ್ವ್‌ನಲ್ಲಿ ಹುಡುಗ್ರು ಎಲ್ಲಿ ನೋಡ್ತಾರೋ ಅಲ್ಲೇ ಒದೀತಾರೆ. ಇವನು ಎಡಕ್ಕೆ ನೋಡ್ತಿದ್ದ. ನಾನು ಅವನ ಕಣ್ಣು ನೋಡೋದು ಬಿಟ್ಟು ಚೆಂಡನ್ನೇ ನೋಡಿದೆ.” ಆತ ಒದ್ದದ್ದು ಬಲಕ್ಕೆ; ಕಾಯ್ತಾನ್ ಚಾಚಿದ ಕಾಲಿಗೆ ಬಡಿದು ಚೆಂಡು ಹೊರಗೆ ಹೋಯಿತು. ಪಂದ್ಯ ಸಮವಾಗಿಯೇ ಮುಗಿಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಕಾಯ್ತಾನ್ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ದುಃಖಕ್ಕಲ್ಲ.

ಎರಡೇ ವಾರಕ್ಕೆ ಮೊದಲ ಕೀಪರನ ಪಾದ ವಾಸಿಯಾಯಿತು. ಇವರು ಮತ್ತೆ ರಿಸರ್ವ್‌ಗೆ ಬಂದರು. ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಅವರು ಬೂಟಿನ ಮಣ್ಣು ಕೊಡವುತ್ತಾರೆ.

“ಇನ್ನೊಂದು ಮ್ಯಾಚ್ ಕೊಟ್ರೆ ಬೇಡ ಅನ್ನಲ್ಲ. ಕೊಡದಿದ್ರೂ ಪರವಾಗಿಲ್ಲ. ಈಗ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ.”