ಬುತ್ತಿ ಹೇರಿದ ಮೇಲೆ ಕಾರು ತಿರುಗುವುದಿಲ್ಲ

“ಏನ್ ಸಾರ್, ಇದು ಓಡುತ್ತಾ? ಇಲ್ಲಾ ಸುಮ್ನೆ ನೆರಳಿಗೆ ಅಂತ ನಿಲ್ಲಿಸಿದ್ದೀರಾ?”

ಬೀದರಿನ ಕೋರ್ಟಿನ ಮುಂದೆ, ಬೇವಿನ ಮರದ ಕೆಳಗೆ, ನನ್ನ ಕಾರನ್ನು ನೋಡಿ ಹೀಗೆ ಕೇಳಿದವರು ಹೊಸ ಇಂಜಿನಿಯರ್ ಸಾಹೇಬರು. ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದಾರೆ. ನಮ್ಮ ಭಾಗದ ರಸ್ತೆಗಳ ಉಸ್ತುವಾರಿ ಅವರದು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಇಲ್ಲಿಗೆ ಬರುವ ಸಾಹೇಬರೆಲ್ಲ ಇದೇ ದನಿಯಲ್ಲಿ ಮಾತಾಡುತ್ತಾರೆ. ಇಲ್ಲಿ ನೀರು ಕುಡಿಯಬಹುದಾ? ಇಲ್ಲಿ ಅಕ್ಕಿ ಸಿಗುತ್ತಾ? ಇಲ್ಲಿಯವರಿಗೆ ಕನ್ನಡ ಬರುತ್ತಾ? (ಬರುತ್ತದೆ. ಬೈಯುವುದೂ ಅದರಲ್ಲೇ.) ನಾವು ರಾಜ್ಯಕ್ಕೆ ಸೇರಿದೆವೋ, ಇಲ್ಲ ಪರೀಕ್ಷೆಗೆ ಕೂತೆವೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ.

ನನಗೆ ರೇಗಿತು. “ಓಡ್ತದ್ರಿ. ಮುಂದಿನ ವಾರ ಚಿತ್ರದುರ್ಗಕ್ಕ ಹೊಂಟೇನಿ, ಇದರಾಗನ” ಎಂದುಬಿಟ್ಟೆ.

ಸಾಹೇಬರು ನಕ್ಕರು. “ದುರ್ಗಕ್ಕಾ? ಇದರಲ್ಲಾ? ಮೊದಲು ಫಿಟ್ ಇದೆಯಾ ಅಂತ ತೋರಿಸಿ ಸಾರ್.”

ಸಿಟ್ಟಿನಲ್ಲಿ ಆಡಿದ ಮಾತಾದರೂ ಪೂರ್ತಿ ಸುಳ್ಳಲ್ಲ. ಔರಾದಿನಲ್ಲಿರುವ ನನ್ನ ಅಕ್ಕ ಗುರುಬಾಯಿಗೆ ಇರುವುದು ಒಬ್ಬಳೇ ಮಗಳು, ಶಾರದಾ. ಭಾವ ತೀರಿಹೋದ ಮೇಲೆ ಅಕ್ಕ ಒಬ್ಬಳೇ ಹೊಲ ನೋಡಿಕೊಂಡು ಅವಳನ್ನು ಬೆಳೆಸಿ, ದೂರದ ಚಿತ್ರದುರ್ಗಕ್ಕೆ ಕೊಟ್ಟಳು. ಈಗ ಶಾರದಾ ಚೊಚ್ಚಲ ಬಸುರಿ. ಅಲ್ಲಿ ಬೀಗರ ಮನೆಯಲ್ಲಿ ಕುಬುಸ, ಅಂದರೆ ಸೀಮಂತ, ಮಾಡುತ್ತಿದ್ದಾರೆ. ಕುಬುಸಕ್ಕೆ ತವರಿನವರು ಸೀರೆ ರವಿಕೆಯ ಜೊತೆ ಬುತ್ತಿ ಹೊತ್ತುಕೊಂಡು ಹೋಗಬೇಕು. ಆಮೇಲೆ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕು. ತವರಿನವರೇ ಬಾರದ ಕುಬುಸ ಅಂದರೆ ಆ ಹೆಣ್ಣುಮಗಳಿಗೆ ಹೇಗಾಗಬೇಡ?

ರೈಲಿದೆಯಲ್ಲ ಎನ್ನಬಹುದು. ಇದೆ. ನಮ್ಮದೇ ರಾಜ್ಯದ ಊರಿಗೆ ಹೋಗಲು ಮೊದಲು ಹೈದರಾಬಾದಿನ ಕಡೆ ಹೋಗಬೇಕು! ಆಮೇಲೆ ಗಾಡಿ ಬದಲಿಸಬೇಕು, ಮತ್ತೆ ಬದಲಿಸಬೇಕು. ಹಿಂದೊಮ್ಮೆ ಹಾಗೆ ಹೋದ ಅಕ್ಕ ಗಂಟುಗಳ ಸಮೇತ ಪ್ಲಾಟ್‌ಫಾರ್ಮಿನಲ್ಲಿ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದಾಳೆ. ಹಾಗಾಗಿ ಹೋದರೆ ಕಾರು, ಇಲ್ಲದಿದ್ದರೆ ಇಲ್ಲ.

ಇನ್ನು ಕಾರಿನ ವಿಷಯ. ನಿಜಾಮರ ಕಾಲದಲ್ಲಿ ಒಬ್ಬ ಜಾಗೀರದಾರರು ಕೊಂಡದ್ದು, ಅವರಿಂದ ನನಗೆ ಬಂದದ್ದು. ಮೈಲಿ ತೋರಿಸುವ ಅಂಕಿಗಳು ಒಂದು ಸಲ ಪೂರ್ತಿ ಸುತ್ತಿ ಸೊನ್ನೆಗೆ ಬಂದು, ಮತ್ತೆ ಒಂದನೇ ಕ್ಲಾಸಿನಿಂದ ಶುರು ಮಾಡಿವೆ. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹಾರ್ನ್ ತನಗೆ ಮನಸ್ಸಾದಾಗ ಕೂಗುತ್ತದೆ.

ಮೆಕ್ಯಾನಿಕ್ ಖಾಜಾಮಿಯಾ ಅವರ ಹತ್ತಿರ ಒಯ್ದೆ. ಬಾನೆಟ್ ಎತ್ತಿದರು, ಕೆಳಗೆ ನುಸುಳಿದರು, ಹೊರಗೆ ಬಂದು ಚಹಾ ಕುಡಿದರು.

“ವಕೀಲ ಸಾಬ್, ಇಂಜಿನ್ ಠೀಕ್ ಅದ. ಬ್ರೇಕ್ ನಾ ಹೊಸಾದು ಹಾಕಿ ಕೊಡ್ತೇನಿ. ಹೈದರಾಬಾದಿಗಾದ್ರ ಬೇಫಿಕರ್ ಒಯ್ರಿ. ಮೈಸೂರ ಕಡಿಗಂತೂ ಬ್ಯಾಡ್ರಿ.”

“ಯಾಕ್ರಿ?”

“ಆ ದಾರಿ ನನಗಽ ಗೊತ್ತಿಲ್ಲ. ಗಾಡಿಗಿ ಹ್ಯಾಂಗ ಗೊತ್ತಿರ್ತದ್ರಿ?”

ಬ್ರೇಕ್ ಹೊಸದಾಯಿತು, ಎರಡು ಟೈರೂ ಹೊಸದಾದವು. ಟ್ರಯಲ್ ಎಂದು ಭಾಲ್ಕಿಗೆ, ಮಾವನ ಮನೆಗೆ ಹೊಡೆದೆ. ಬೇಳೆ ವ್ಯಾಪಾರದ ಮಾವ ಕಾಳಿನ ಚೀಲ ನೋಡುವ ಹಾಗೆ ಕಾರಿನ ಸುತ್ತ ಒಂದು ಸುತ್ತು ಬಂದರು. ಟೈರಿಗೆ ಒಮ್ಮೆ ಒದ್ದರು. “ಅಳಿಯಂದ್ರ, ಇದನ್ನ ಮಾರಿ ಒಂದು ಎಮ್ಮಿ ತಗೋರಿ. ಹಾಲರ ಕೊಡ್ತದ” ಎಂದರು. (ಊಟ ಆದ ಮೇಲೆ, ಮೆಹಕರದಲ್ಲಿರುವ ನೆಂಟರ ಮನೆಗೆ ಅದೇ ಕಾರಿನಲ್ಲಿ ಬಿಟ್ಟು ಬನ್ನಿ ಎಂದವರೂ ಅವರೇ.)

ಎರಡನೇ ಟ್ರಯಲ್ ಔರಾದಿಗೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅಕ್ಕನಿಗೆ ಹೇಳಿ ಕಳಿಸಿದೆ: “ಐತವಾರ ಕಾರು ತಗೊಂಡು ಬರ್ತೇನಿ.” ಅಷ್ಟೇ. ಸುಮ್ಮನೆ ಓಡಿಸಿ ನೋಡಲು ಬರುತ್ತಿದ್ದೇನೆ ಎಂದು ಹೇಳಲಿಲ್ಲ. ಕುಬುಸದ ದಿನ ಗೊತ್ತಾದ ಮೇಲೆ ತಮ್ಮನಾದವನು ಗಾಡಿ ತೆಗೆದುಕೊಂಡು ಅಕ್ಕನ ಮನೆಗೆ ಬರುತ್ತೇನೆ ಎಂದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂತಪುರ ದಾಟಿ ಔರಾದಿನಲ್ಲಿ ಅಕ್ಕನ ಓಣಿಗೆ ಹೋಗುತ್ತೇನೆ, ಓಣಿ ತುಂಬ ಹೆಂಗಸರು! ಕಾರಿಗೆ ಆರತಿ ಎತ್ತಿದರು, ಬಾನೆಟ್ಟಿಗೆ ಕುಂಕುಮ ಹಚ್ಚಿದರು. ನಾನು ಇಳಿದು ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿಗಳು ಒಳಗಿನಿಂದ ಹೊರಗೆ ಬರತೊಡಗಿದವು. ತೆಳ್ಳಗೆ ತಟ್ಟಿ ಒಣಗಿಸಿದ ಸಜ್ಜಿ ರೊಟ್ಟಿ, ಶೇಂಗಾದ ಹೋಳಿಗೆ, ಎಳ್ಳಿನ ಹೋಳಿಗೆ, ಕರ್ಚಿಕಾಯಿ, ಚಟ್ನಿಪುಡಿಯ ಡಬ್ಬಿಗಳು. ಹಿಂದಿನ ಸೀಟು ತುಂಬಿತು, ಡಿಕ್ಕಿ ತುಂಬಿತು. ಕಾರು ಮೆಲ್ಲಗೆ ನೆಲಕ್ಕೆ ಕುಸಿಯುತ್ತಿತ್ತು. ನನ್ನ ಎದೆಯೂ.

“ಅಕ್ಕಾ, ಇವತ್ತು ಬರೇ ಟ್ರಯಲ್...”

“ಟ್ರಯಲ್ ಅಂದ್ರ ಏನೋ?”

ಹೇಳಿದೆ. ಖಾಜಾಮಿಯಾ ಅಂದದ್ದು, ಮಾವ ಅಂದದ್ದು, ಸಾಹೇಬರು ನಕ್ಕದ್ದು, ಎಲ್ಲವನ್ನೂ. ದಾರಿಯಲ್ಲಿ ನಿಂತುಬಿಟ್ಟರೆ ನಿನ್ನನ್ನು ಏನು ಮಾಡಲಿ ಎಂಬ ನನ್ನ ಹೆದರಿಕೆಯನ್ನೂ ಹೇಳಿದೆ.

ಅಕ್ಕ ಸೆರಗು ಬಿಗಿ ಮಾಡಿಕೊಂಡಳು. “ತವರ ಬುತ್ತಿ ಹೊಸ್ತಿಲ ದಾಟ್ಯದ ತಮ್ಮಾ. ಅದು ತಿರುಗಿ ಒಳಗ ಬರಂಗಿಲ್ಲ. ನಿನ್ನ ಗಾಡಿ ನಡ್ಯಂಗಿಲ್ಲಂದ್ರ ಈಗ ಹೇಳು, ಎತ್ತಿನ ಬಂಡಿ ಕಟ್ಟಸ್ತೇನಿ. ನನ್ನ ಮೊಣಕಾಲ ಹೋಗ್ಯಾವ, ಒಂದು ಕಣ್ಣಿಗಿ ಪೊರಿ ಬಂದದ. ನಾ ಫಿಟ್ ಇದ್ದೇನೋ ಇಲ್ಲೋ ಅಂತ ಯಾರರ ನೋಡ್ಯಾರೇನು? ಮಗಳು ದಾರಿ ಕಾಯ್ತಾಳ, ನಾ ಹೊಂಟೇನಿ.”

ಎಡಗಡೆಯ ಬಾಗಿಲು ಹೊರಗಿನಿಂದ ತೆರೆದು ಅಕ್ಕನನ್ನು ಕೂರಿಸಿದೆ.

ಬೀದರಿನಲ್ಲಿ ಮನೆಗೆ ಹೋಗಿ ಎರಡು ಜೊತೆ ಬಟ್ಟೆ ತೆಗೆದುಕೊಂಡೆ. ಹುಮನಾಬಾದ್ ದಾಟಿದೆವು, ಕಲಬುರ್ಗಿ ದಾಟಿದೆವು. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಹೊಸ ಬ್ರೇಕ್ ಹೇಳಿದಂತೆ ಕೇಳಿತು. ಆದರೆ ರಸ್ತೆ? ರಸ್ತೆ ಎಂದು ಹೆಸರು ಇದ್ದ ಕಡೆ ಗುಂಡಿಗಳಿದ್ದವು, ಹೆಸರೂ ಇಲ್ಲದ ಕಡೆ ಬಂಡಿಯ ಜಾಡು ಇತ್ತು. ಸೇತುವೆಯಿಲ್ಲದ ಹಳ್ಳಕ್ಕೆ ನಾನು ಧೋತರ ಎತ್ತಿಕಟ್ಟಿ ಮೊದಲು ಇಳಿದು, ಆಳ ನೋಡಿ, ಆಮೇಲೆ ಕಾರು ಇಳಿಸಿದೆ.

ಕಲಬುರ್ಗಿಯ ಆಚೆ ಒಂದು ಗುಂಡಿಯಲ್ಲಿ ಹಿಂದಿನ ಸ್ಪ್ರಿಂಗಿನ ಪಟ್ಟಿ ಮುರಿಯಿತು. ಅಕ್ಕ ಬುಟ್ಟಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಕೊಟ್ಟಳು. ಜಾಲಿ ಕಟ್ಟಿಗೆಯ ತುಂಡು ಸೇರಿಸಿ ಬಿಗಿದು, ಮುಂದಿನ ಊರಿನ ಕಮ್ಮಾರನವರೆಗೆ ಎಮ್ಮೆಯ ನಡಿಗೆಯಲ್ಲಿ ಹೋದೆವು. ಆತ ಪಟ್ಟಿ ಕಾಯಿಸಿ ಬಡಿಯುತ್ತಿದ್ದರೆ ಅಕ್ಕ ಅವನ ಮನೆಮಂದಿಗೆಲ್ಲ ಶೇಂಗಾದ ಹೋಳಿಗೆ ಹಂಚಿದಳು.

ದುರ್ಗ ಮುಟ್ಟಿದೆವು. ಹೌದು, ಅದೇ ಕಾರಿನಲ್ಲಿ, ಕುಬುಸಕ್ಕೆ ಮೊದಲೇ! ಶಾರದಾ ಓಡಿ ಬರಲಾರದೆ ಬಾಗಿಲಲ್ಲೇ ನಿಂತು ಅತ್ತಳು. ಕುಬುಸ ಚೆಂದವಾಗಿ ಆಯಿತು. ದುರ್ಗದ ಮಂದಿ ನಮ್ಮ ಸಜ್ಜಿ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಕುರುಕುರು ತಿಂದರು.

ಹೊರಡುವ ದಿನ ಬೀಗರು ಕಾರಿನ ಹತ್ತಿರ ಬಂದು, ಸಂಕೋಚದಿಂದ, “ಸೊಸೇನ ಇದರಲ್ಲಿ ಕಳಿಸೋಕೆ... ಕಾರು ಸ್ವಲ್ಪ ಹಳೇದಲ್ವಾ?” ಎಂದರು. ನಾನು ಜಗಳಕ್ಕೇ ತಯಾರಾದೆ. ಅಷ್ಟರಲ್ಲಿ ಅಕ್ಕ ಕೈ ಅಡ್ಡ ಹಿಡಿದಳು.

“ಗಾಡಿಗಿ ಏನೂ ಅನಬ್ಯಾಡ್ರಿ ಬೀಗರ. ಗಾಡಿ ಮ್ಯಾಲ ನನಗ ನಂಬಿಕಿ ಅದ. ದಾರಿ ಮ್ಯಾಲ ಇಲ್ಲ. ಕೂಸು ಇಲ್ಲೇ ಹುಟ್ಟಲಿ.”

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಮಗಳಿಗಾಗಿ ಕೋಣೆ ಸಾರಿಸಿ, ತೊಟ್ಟಿಲು ತೊಳೆದಿಟ್ಟು ಬಂದವಳು ಅವಳು. ಹಿಂತಿರುಗುವಾಗ ಗುಂಡಿ ಬಂದಾಗಲೆಲ್ಲ ಅಕ್ಕ ಹಿಂದಕ್ಕೆ ಚಾಚಿ ಹಿಂದಿನ ಖಾಲಿ ಸೀಟಿನ ಮೇಲೆ ಕೈ ಇಡುತ್ತಿದ್ದಳು. ಯಾರೋ ಅಲ್ಲಿ ಕೂತಿದ್ದಾರೆ, ಅವರಿಗೆ ಪೆಟ್ಟಾಗಬಾರದು ಎಂಬ ಹಾಗೆ.

ಈಗ ಕಾರು ಮತ್ತೆ ಬೇವಿನ ಮರದ ಕೆಳಗಿದೆ. ನಿನ್ನೆ ಇಂಜಿನಿಯರ್ ಸಾಹೇಬರು ಅದರ ಮೇಲಿನ ಕೆಂಪು ಧೂಳು, ಕರಿ ಧೂಳು ಎರಡನ್ನೂ ನೋಡಿ ಬೆರಗಾದರು. “ಹೋಗಿ ಬಂದೇಬಿಟ್ರಾ? ಎಲ್ಲೂ ತೊಂದ್ರೆ ಆಗ್ಲಿಲ್ವಾ?”

ತಮಗೇ ಹೇಳುತ್ತೇನೆ ಕೇಳಿ ಸಾಹೇಬರೇ. ಖಾಜಾಮಿಯಾ ಕಾರನ್ನು ನೋಡಿದರು. ಮಾವ ನೋಡಿದರು. ಬೀಗರು ನೋಡಿದರು. ತಾವಂತೂ ಮೊದಲೇ ನೋಡಿ ನಕ್ಕಿರಿ. ಎಲ್ಲರೂ ಅದನ್ನು ಒದ್ದು, ಬಗ್ಗಿ, ಮೂಸಿ ಪರೀಕ್ಷೆ ಮಾಡಿದರು. ಅದು ಪಾಸಾಗಿ ಬಂದು ನಿಂತಿದೆ. ಫೇಲಾದವರು ಯಾರು ಎಂದು ತಾವೇ ನೋಡಿಬಿಡಿ. ಪೆಟ್ರೋಲ್ ನನ್ನದು, ಬ್ರೇಕ್ ಹೊಸದು.

ಹಿಂದಿನ ಸೀಟು ಖಾಲಿ ಇದೆ ಸಾಹೇಬರೇ, ದುರ್ಗದವರೆಗೆ ಒಮ್ಮೆ ಕೂತು ಬರುತ್ತೀರಾ?